ಕಾಲಿನ ಹೆಬ್ಬೆರಳು

ಈ ಪರದೇಶದ ಲೋವರ್ ಹಟ್ ಊರಲ್ಲೇ ಹುಟ್ಟಿದ ನನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತೆ, ಬಾಯಿ ಬಿಟ್ಟರೆ ಮಾತ್ರ ಬರೀ ಇಂಗ್ಲಿಷು. ಒಂದು ಸಲ ನನ್ನೆದುರು ಕನ್ನಡ ಆಡಲಿ ಅಂತ ಎಷ್ಟು ಆಸೆ ನನಗೆ! ಮೊನ್ನೆ ಸ್ಕೂಲಿಂದ ಬಂದು ಇಂಗ್ಲಿಷಲ್ಲೇ ಪಾಠ ಹೇಳಿದಳು. ಚಿಂಪಾಂಜಿಗೆ ಕಾಲಲ್ಲೂ ಥಂಬ್ ಇದೆಯಂತೆ, ನಮಗಿಲ್ಲವಂತೆ.

"ಯಾಕಿಲ್ಲ ಪುಟ್ಟಿ? ಕೈಯಲ್ಲಿರೋದೂ ಹೆಬ್ಬೆರಳೇ, ಕಾಲಲ್ಲಿರೋದೂ ಹೆಬ್ಬೆರಳೇ!" ಅಂದೆ.

"ಪ್ರೂವ್ ಇಟ್, ಅಜ್ಜಿ!" ಅಂತ ನೆಲದ ಮೇಲೆ ಬಾಳೆಹಣ್ಣು ಇಟ್ಟಳು.

ಸೋಫಾದಲ್ಲಿ ಕೂತೇ ಕಾಲುಬೆರಳ ಸಂದಿಯಲ್ಲಿ ಸಿಕ್ಕಿಸಿ ಎತ್ತಿದೆ. ಆ ದರಿದ್ರ ಹೆಬ್ಬೆರಳು ಚೂರೂ ಬಗ್ಗಲಿಲ್ಲ. ಹಣ್ಣು ಜಾರಿ, ಎದುರಿಗೆ ಕೂತಿದ್ದ ಅಳಿಯ ಟೀಪಾಯಿ ಮೇಲಿಟ್ಟಿದ್ದ ಟೀಗೆ ಬಿತ್ತು.

ಅವಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಅಜ್ಜಿ ಹೆಬ್ಬೆರಳು ವೇಸ್ಟು, ನೋಡು!"

ಕನ್ನಡ ಕಣ್ರೀ, ಕನ್ನಡ! ಖುಷಿಗೆ ಇನ್ನೊಂದು ಕಾಲನ್ನೂ ಎತ್ತಿಬಿಟ್ಟೆ.