ರಿಯರ್ ಮತ್ತು ರೇರ್

ಆ ಬೋರ್ಡು ಕೆಟ್ಟದ್ದು ಯಾರಿಂದ ಎಂಬ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುತ್ತಿರಲಿಲ್ಲ. ಬಸವಕಲ್ಯಾಣದಲ್ಲಿ ನಾನು ಕಲಿಸುವ ಇಂಗ್ಲಿಷ್ ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ ಕಥೆ ಒಂದು, ಅಕ್ಕ ಹೇಳುವುದು ಇನ್ನೊಂದು.

ಅಕ್ಕ ಹುಮನಾಬಾದಿನಲ್ಲಿ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ತೆರೆದಿದ್ದಳು. ರಸ್ತೆಯ ಕಡೆಯ ಕೋಣೆಯಲ್ಲಿ ಬಾಡಿಗೆಯವರು ಸಿಮೆಂಟು ಮಾರುತ್ತಿದ್ದರು. ಅವಳ ಗಿರಾಕಿಗಳು ಪಕ್ಕದ ಓಣಿಯಿಂದ ಸುತ್ತಿ ಬರಬೇಕು. ರಂಜಾನ್ ಹತ್ತಿರವಿತ್ತು. ಮೊದಲ ಹಬ್ಬಕ್ಕೇ ಮಂದಿ ಬರದಿದ್ದರೆ ಅಂಗಡಿ ನಿಲ್ಲುವುದಿಲ್ಲವೆಂಬ ಹೆದರಿಕೆ ಅವಳಿಗೆ. ಬೋರ್ಡಿನಲ್ಲಿ ಹೆಸರು ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ‘ಎಂಟ್ರನ್ಸ್ ಬ್ಯಾಕ್‌ಸೈಡ್’ ಎಂದು ಬರೆಸಲು ಹೊರಟಿದ್ದಳು.

“ಅಕ್ಕಾ, ಇಂಗ್ಲಿಷಿನ್ಯಾಗ ಬ್ಯಾಕ್‌ಸೈಡ್ ಅಂದ್ರ ಕುಂಡಿ” ಎಂದು ತಡೆದೆ.

“ಊರ ಮಂದೆಲ್ಲ ಬಸ್‌ಸ್ಟ್ಯಾಂಡ್ ಬ್ಯಾಕ್‌ಸೈಡ್, ದವಾಖಾನಿ ಬ್ಯಾಕ್‌ಸೈಡ್ ಅಂತಾರ. ಎಮ್ಮೆ ಓದಿದ ನಿನಗೊಬ್ಬಂಗ ಕುಂಡಿ ಕಾಣಸ್ತದ ನೋಡು!”

ಬೋರ್ಡು ಬರೆಯಲು ಬಂದಿದ್ದ ಪೇಂಟರ್ ನಕ್ಕುಬಿಟ್ಟ. “ಏನ್ ಬರೀಬೇಕೋ ವಾಟ್ಸಾಪ್ ಮಾಡ್ರಿ ಸರ್” ಎಂದು ಹೋದ. ಅಂದೇ ಕಳಿಸಿದೆ.

ಹಿಂಬದಿಯ ಬಾಗಿಲಿಗೆ ಸರಿಯಾದ ಮಾತು ‘ರಿಯರ್ ಎಂಟ್ರನ್ಸ್’. ಬೋರ್ಡಿನ ಮೇಲೆ ಬಂದದ್ದು ‘ರೇರ್ ಎಂಟ್ರನ್ಸ್’. ರೇರ್ ಎಂದರೆ ಅಪರೂಪ. ವಾರದವರೆಗೆ ಯಾರೂ ಗಮನಿಸಲಿಲ್ಲ. ಕೊನೆಗೆ ಒಬ್ಬ ಕಾಲೇಜು ಹುಡುಗಿ ಬಟ್ಟೆಯ ಗಂಟು ಹಿಡಿದು ಸಿಮೆಂಟ್ ಅಂಗಡಿಯ ಮುಂದೆ ನಿಂತು ಅಕ್ಕನಿಗೆ ಫೋನ್ ಮಾಡಿದಳು:

“ಆಪಾ, ನೀವು ಯಾವಾಗರೆ ಒಮ್ಮೆ ಬಾಗಿಲಾ ತೆಗೀತೀರೇನ್ರಿ? ಬೋರ್ಡಿನ್ಯಾಗ ಹಂಗೇ ಅದ. ಅಮ್ಮಿ ನಮ್ಮೂರು ಮಂಠಾಳದಾಗೇ ಹೊಲಸೂಣು ಅನ್ನಾಕತ್ತಾರ.”

ಹೀಗೆ ಎಷ್ಟು ಮಂದಿ ಫೋನೂ ಮಾಡದೆ ಮರಳಿದರೋ ತಿಳಿಯದು. ಆ ಹಬ್ಬ ಅಕ್ಕನ ಕೈತಪ್ಪಿತು.

ನಾನು ಪೇಂಟರನನ್ನು ಹುಡುಕಿಕೊಂಡು ಹೋದೆ. ಮೆತ್ತಗೆ ಕೇಳಿದೆನೆಂದು ನನ್ನ ನೆನಪು. ನಾಲ್ಕು ಜನರೆದುರು ಚೀರಾಡಿದೆನೆಂದು ಅಕ್ಕನ ಮಾತು. “ತಪ್ಪಾತ್ರಿ ಸರ್” ಎಂದಷ್ಟೇ ಅಂದ ಅವನು ಆ ಸಾಲು ಅಳಿಸಿ, ಅಕ್ಕ ಹೇಳಿದಂತೆ ‘ಹಿಂದಿನ ಬಾಗಿಲಿಂದ ಬರ್ರಿ’ ಎಂದು ಬರೆದುಕೊಟ್ಟ. ಬಕ್ರೀದ್ ಹೊತ್ತಿಗೆ ಅವಳು ಇನ್ನೊಂದು ಮಷೀನು ತಂದಳು.

ತರಗತಿಯಲ್ಲಿ ಮಾತ್ರ, ಅರ್ಥ ತಿಳಿಯದೆ ಅಕ್ಷರ ಬರೆಯುವವರಿಗೆ ಆ ಪೇಂಟರನೇ ನನ್ನ ಉದಾಹರಣೆ. ಮಕ್ಕಳು ನಗುತ್ತಿದ್ದರು, ಎರಡು ಪದಗಳ ವ್ಯತ್ಯಾಸ ಮರೆಯುತ್ತಿರಲಿಲ್ಲ. ಮೊನ್ನೆ ಈ ಕಥೆ ಅಕ್ಕನ ಕಿವಿಗೆ ಬಿತ್ತು.

“ಪಾಪ, ಅಂವ ಏನ್ ಮಾಡ್ಯಾನ? ನೀ ಕಳಿಸಿದ್ದು ನೋಡಿ ಇದ್ದಂಗ ಇಳಿಸ್ಯಾನ. ಅಂವಗ ಯಾಕ ಹೆಸರಿಡ್ತೀ?”

ಹಾಗಿರಲಿಕ್ಕಿಲ್ಲ ಎಂದು ವಾದಿಸಿದೆ. ಆಮೇಲೆ ಪೇಂಟರನ ಜೊತೆಗಿನ ಹಳೆಯ ವಾಟ್ಸಾಪ್ ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಹೋದೆ. ನಾನು ಕಳಿಸಿದ್ದು ಇನ್ನೂ ಇತ್ತು: ಆರ್, ಎ, ಆರ್, ಇ.