ಎಸೆಯಲು ಮರೆಯುತ್ತಿದ್ದವನು

ಎಪ್ಪತ್ತರ ದಶಕದಲ್ಲಿ ಅಮೆರಿಕದ ನ್ಯೂವಾರ್ಕಿನ ನಮ್ಮ ಮೇಲಿನ ಮನೆಯಲ್ಲಿ ಸಿನಿಮಾ ಥಿಯೇಟರೊಂದರ ಪ್ರೊಜೆಕ್ಟರ್ ಆಪರೇಟರ್ ಇದ್ದ, ಕಪ್ಪು ಜನಾಂಗದವನು. ಕಪ್ಪು ಜನ ತಾವೇ ದುಡ್ಡು ಹಾಕಿ ತೆಗೆದ ಹಳೆಯ ಚಿತ್ರಗಳ ರೀಲುಗಳನ್ನು ಕಸಕ್ಕೆ ಹಾಕು ಎಂದು ಥಿಯೇಟರಿನ ಮಾಲೀಕ ಹೇಳಿದರೆ, ಇವನು ತಲೆಯಾಡಿಸಿ ಅವನ್ನು ಓವರ್‌ಕೋಟಿನೊಳಗೆ ಮನೆಗೆ ತರುತ್ತಿದ್ದ.

"ನಾನು ಕಳ್ಳ ಅಲ್ಲ. ಎಸೆಯೋದು ಮರೆತುಹೋಗುತ್ತೆ, ಅಷ್ಟೇ," ಎಂದು ಕಣ್ಣು ಮಿಟುಕಿಸುತ್ತಿದ್ದ.

ಬೇಸಿಗೆಯ ಸೆಕೆಗೆ ಫಿಲ್ಮ್ ಕೆಡುತ್ತದೆಂದು ಕೆಲವು ಡಬ್ಬಿಗಳು ನಮ್ಮ ಫ್ರಿಜ್ಜಿಗೇ ಬಂದವು. "ಮೊಸರಿಗೇ ಜಾಗ ಇಲ್ಲ ಕಣ್ರೀ, ಇವನ ಸಿನಿಮಾಗೆ ಎಲ್ಲಿಂದ ತರ್ಲಿ?" ಎಂದು ಗೊಣಗುತ್ತಲೇ ನನ್ನ ಹೆಂಡತಿ ಇಡ್ಲಿ ಹಿಟ್ಟಿನ ಪಾತ್ರೆ ಸರಿಸಿದಳು.

ಒಂದು ಭಾನುವಾರ ಮಧ್ಯಾಹ್ನ ನನ್ನ ಪಂಚೆಯನ್ನೇ ಬೇಸ್‌ಮೆಂಟಿನ ಗೋಡೆಗೆ ಬಿಗಿದು, ಅಕ್ಕಪಕ್ಕದವರಿಗೆಲ್ಲ ಒಂದು ಚಿತ್ರ ತೋರಿಸಿದ. ಬೀದಿಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಮುದುಕಿಯನ್ನು, ಒಗೆಯುವ ಬಟ್ಟೆ ಇದೆಯೆಂದು ಸುಳ್ಳು ಹೇಳಿ ಕರೆಸಿದ್ದ. ಪಂಚೆಯ ಮೇಲೆ ಇಪ್ಪತ್ತರ ಹುಡುಗಿಯೊಬ್ಬಳು ನಗುತ್ತ ಮೆಟ್ಟಿಲಿಳಿದು ಬಂದಳು. ಅದು ಆ ಮುದುಕಿಯೇ. ಚಿತ್ರ ಎರಡೇ ದಿನ ಓಡಿತ್ತಂತೆ. ಎರಡೂ ದಿನ ರಜ ಸಿಗದೆ ಅವಳು ಅದನ್ನು ನೋಡಿಯೇ ಇರಲಿಲ್ಲ.

ಚಿತ್ರ ಮುಗಿದಾಗ ಅವಳು ಕಣ್ಣೊರೆಸಿಕೊಂಡು ಎಲ್ಲರನ್ನೂ ಗದರಿದಳು: "ನಾನಿಷ್ಟು ಚೆನ್ನಾಗಿದ್ದೆ ಅಂತ ಒಬ್ರೂ ಹೇಳ್ಲಿಲ್ವಲ್ಲ! ಮೊದಲಿಂದ ಹಾಕು."

ಅವನು ಆಗಲೇ ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದ.