ಓರಗಿತ್ತಿಯ ಮೆಷ್ಷು

ಕ್ಯಾರೆಟ್ ಹೆಚ್ಚುವುದರಲ್ಲಿ ಏನು ಮಹಾ ವಿದ್ಯೆ ಇದೆ ಎಂದು ನೀವು ಕೇಳಬಹುದು. ನಂಜನಾಡಿನ ನಮ್ಮ ಮನೆಗೆ ಬಂದು ಒಂದು ಹೊತ್ತು ಅಡುಗೆಮನೆಯಲ್ಲಿ ಕೂತು ನೋಡಿ. ನಾನು ಹೆಚ್ಚಿದ್ದರಲ್ಲಿ ಒಂದು ದಪ್ಪ, ಒಂದು ಸಣ್ಣ. ಪಲ್ಯದಲ್ಲಿ ಅರ್ಧ ಬೆಂದು ಮೆತ್ತಗಾದರೆ ಇನ್ನರ್ಧ ಹಲ್ಲಿಗೆ ಸಿಕ್ಕಿ ಕರಕರ ಎನ್ನುತ್ತದೆ. ನನ್ನ ಓರಗಿತ್ತಿ ವನಜ, ಎಂದರೆ ಮೈದುನನ ಹೆಂಡತಿ, ಹೆಚ್ಚಿದ್ದು ಮಾತ್ರ ಎಲ್ಲ ಒಂದೇ ಅಳತೆ. ಅತ್ತೆ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡವ್ವಾ, ಮುತ್ತು ಪೋಣಿಸ್ದಂಗದೆ" ಎಂದಾಗಲೆಲ್ಲ ನನ್ನೊಳಗೆ ಒಲೆ ಹತ್ತಿಕೊಳ್ಳುತ್ತದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಹುಟ್ಟಿಸಿದವರು ಖಂಡಿತ ಓರಗಿತ್ತಿ ಇದ್ದವರೇ. ನೀಲಗಿರಿಯ ಹಿಮ ಬಿದ್ದರೂ ಆರುವ ಕಿಚ್ಚಲ್ಲ ಅದು.

ಅಡುಗೆಮನೆಗೇ ಮುಗಿದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ನಾವಿಬ್ಬರೂ ಎಂಜಿನಿಯರಿಂಗ್ ಓದಿದವರು; ಊಟಿಯ ಒಂದೇ ಸಣ್ಣ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ಟೀ ಫ್ಯಾಕ್ಟರಿಗಳ ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ಬರೆದು, ಭಾರ ಬಿದ್ದಾಗ ಅವು ಎಲ್ಲಿ ಸೀಳಬಹುದೆಂದು ಲೆಕ್ಕ ಹಾಕಿ ಹೇಳುವುದು ನಮ್ಮ ಕಸುಬು. ಯೋಚಿಸಿ ನೋಡಿದರೆ ಅದೂ ಹೆಚ್ಚುವ ಕೆಲಸವೇ. ಅಂಕುಡೊಂಕಾದ ಕಬ್ಬಿಣದ ತುಂಡನ್ನು ಇಡಿಯಾಗಿ ಲೆಕ್ಕಕ್ಕೆ ಹಿಡಿಯುವುದು ಯಾರಿಂದಲೂ ಆಗದು. ಅದನ್ನು ತೆರೆಯ ಮೇಲೆಯೇ ಚಿಕ್ಕಚಿಕ್ಕ ಹೋಳುಗಳ ಜಾಲರಿಯಾಗಿ, ನಾವು ಮೆಷ್ ಎನ್ನುವಂತೆ ಒಡೆದುಕೊಂಡು, ಒಂದೊಂದು ಹೋಳಿನ ಸಂಕಟವನ್ನೂ ವಿಚಾರಿಸಿಕೊಳ್ಳಬೇಕು. ಹೋಳು ದಪ್ಪಗಿದ್ದರೆ ಎಲ್ಲವೂ ಕ್ಷೇಮವೆಂದೇ ಕಾಣುತ್ತದೆ. ಸಣ್ಣದು ಮಾಡಿದಂತೆ ಬಚ್ಚಿಟ್ಟುಕೊಂಡಿದ್ದ ಬಿಗುವು, ನಮ್ಮ ಕಸುಬಿನ ಮಾತಿನಲ್ಲಿ ಸ್ಟ್ರೆಸ್ಸು, ಮೇಲೆ ಬರುತ್ತದೆ. ಇನ್ನಷ್ಟು ಸಣ್ಣದು ಮಾಡಿದರೂ ಉತ್ತರ ಬದಲಾಗದೆ ನಿಂತಿತೋ, ಅದನ್ನು ನಂಬಬಹುದು. ಹಾಗೆಂದು ಎಲ್ಲ ಕಡೆಯೂ ನುಣ್ಣಗೆ ಹೆಚ್ಚುತ್ತ ಕೂತರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬಯಲಿನಂಥ ಜಾಗದಲ್ಲಿ ದಪ್ಪ, ಮೂಲೆಮುಡುಕಿನಲ್ಲಿ ಸಣ್ಣ ಎಂಬ ವಿವೇಕ ಬೇಕು.

ಅಸೂಯೆಗೆ ಈ ವಿವೇಕವಿಲ್ಲ. ನನ್ನ ಗಂಡನನ್ನು ನಾನು ದಪ್ಪ ಹೋಳಿನಲ್ಲೇ ನೋಡಿ ತೃಪ್ತಿಪಡುವವಳು. ಅವರು ಯಾವ ಅಂಗಿ ತೊಟ್ಟು ಹೊಲಕ್ಕೆ ಹೋದರೆಂದು ಕೇಳಿದರೆ ತಡಬಡಿಸುತ್ತೇನೆ. ವನಜಳ ವಿಷಯದಲ್ಲಾದರೆ ಅವಳ ಜಡೆಯ ಹೆಣಿಗೆ, ಅವಳ ಸಾರಿನ ಹುಳಿ, ಫೋನಿನಲ್ಲಿ ನಗುವಾಗ ತಲೆ ವಾಲಿಸುವ ಬಗೆ, ಯಾವುದೂ ತಪ್ಪುವುದಿಲ್ಲ. ಪ್ರೀತಿಗಿಂತ ಅಸೂಯೆಗೇ ಕಣ್ಣು ಚುರುಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಿಮಗೆ ಅನ್ನಿಸಿಲ್ಲವಾದರೆ ನೀವು ಪುಣ್ಯವಂತರು.

ಇಂಥ ಹೊತ್ತಿನಲ್ಲೇ ನಮ್ಮ ಕ್ಯಾರೆಟ್ ತೊಳೆಯುವ ಯಂತ್ರ ಕೈಕೊಟ್ಟಿತು. ಹೊಲದಿಂದ ಮಣ್ಣು ಮೆತ್ತಿಕೊಂಡು ಬರುವ ಗೆಡ್ಡೆಗಳನ್ನು ನೀರು ಚಿಮ್ಮಿಸುತ್ತ ಉರುಳಿಸುವ ದೊಡ್ಡ ಪೀಪಾಯಿ ಅದು. ಅದನ್ನು ಹೊತ್ತ ಬ್ರಾಕೆಟ್ಟು ಒಳಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ತೊಳೆಯದ ಕ್ಯಾರೆಟ್ಟಿಗೆ ಮೇಟ್ಟುಪಾಳ್ಯದ ಮಂಡಿಯಲ್ಲಿ ಮುಖ ಕೊಡುವವರಿಲ್ಲ. ಮಾವ ನಮ್ಮಿಬ್ಬರನ್ನೂ ಕರೆದು, "ಮನೇಲೇ ಇಬ್ಬರು ಇಂಜಿನಿಯರ್ ಇದೀರಿ, ಹೊಸದು ಹೆಂಗಿರಬೇಕು ಅಂತ ನೀವೇ ಹೇಳ್ರವ್ವಾ" ಎಂದರು. ಆ ಮನೆಗೆ ಸೊಸೆಯಾಗಿ ಬಂದಮೇಲೆ ಮಾವ ನನ್ನ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು. ಈ ಬ್ರಾಕೆಟ್ಟು ನನ್ನದೇ ಆಗಬೇಕೆಂದು ನಾನು ನಿಶ್ಚಯಿಸಿಬಿಟ್ಟೆ.

ನಾನು ಇನ್ನೂ ಅಳತೆ ಹಿಡಿಯುತ್ತಿರುವಾಗಲೇ ವನಜ ತನ್ನದನ್ನು ಬರೆದು, ಲೆಕ್ಕ ಮುಗಿಸಿ, ಮಾವನಿಗೆ ತೋರಿಸಿಯೂ ಆಗಿತ್ತು. ಮುಂದೆ ನಾನು ಮಾಡಿದ್ದಕ್ಕೆ ಮೊಸರಲ್ಲಿ ಕಲ್ಲು ಹುಡುಕುವುದು ಎನ್ನುತ್ತಾರೆ. ಭಾನುವಾರ ಬೆಳಗ್ಗೆ ಅವಳ ಬ್ರಾಕೆಟ್ಟನ್ನೇ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಮೆಷ್ಷನ್ನು ಸಣ್ಣದು ಮಾಡತೊಡಗಿದೆ. ಒಳಮೂಲೆಯನ್ನು ಅವಳು ಚೂಪಾಗಿ ಬಿಡದೆ ಉರುಟು ಮಾಡಿದ್ದಳು. ಆ ಉರುಟಿನ ಸುತ್ತ ಹೋಳುಗಳು ಸೊಟ್ಟಸೊಟ್ಟಗೆ ಬಂದು ಕಂಪ್ಯೂಟರ್ ಮುನಿಸಿಕೊಂಡಿತು. ಇಂಥ ಸಣ್ಣಪುಟ್ಟ ಉರುಟುಗಳನ್ನು ಅಳಿಸಿ ಲೆಕ್ಕ ಹಗುರ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನೂ ಅಳಿಸಿದೆ. ಆಮೇಲೆ ನೋಡಿ, ಏನು ಸೊಗಸು! ಮೆಷ್ ಸಣ್ಣದಾಯಿತು, ಬಿಗುವು ಏರಿತು. ಇನ್ನೂ ಸಣ್ಣದು ಮಾಡಿದೆ, ಇನ್ನೂ ಏರಿತು. ಬಿಗುವು ಮಿತಿಮೀರಿದ ಜಾಗ ತೆರೆಯ ಮೇಲೆ ಕೆಂಪಾಗಿ ಕಾಣುತ್ತದೆ; ಮೂಲೆ ಕೆಂಪಗೆ ಉರಿಯತೊಡಗಿದಾಗ ನನಗೆ ಹಾಲು ಕುಡಿದಷ್ಟು ಸಂತೋಷ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿಯೇಬಿಟ್ಟೆ: "ಮಾವ, ವನಜನ ಬ್ರಾಕೆಟ್ಟು ತಡೆಯಲ್ಲ. ಮೂಲೇಲಿ ಸೀಳತ್ತೆ."

ವನಜ ಕೈ ತೊಳೆದುಕೊಂಡು ಬಂದು, ನಾನು ಪಕ್ಕದಲ್ಲೇ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಬಹಳ ಹೊತ್ತು ಬೇಕಾಗಲಿಲ್ಲ. ನನಗಷ್ಟೇ ಕೇಳುವಂತೆ, "ಅಕ್ಕಾ, ಇಲ್ಲಿ ಉರುಟಿಗೆ ರೇಡಿಯಸ್ ಕೊಟ್ಟಿದ್ನಲ್ಲ, ಎಲ್ಲೋಯ್ತು?" ಎಂದಳು.

ಅಳಿಸಿದ್ದು ನಾನೇ. ಚೂಪಾದ ಒಳಮೂಲೆಗೆ ಕೊನೆಯ ಉತ್ತರವೆಂಬುದೇ ಇಲ್ಲ. ಎಷ್ಟು ಸಣ್ಣಗೆ ನೋಡಿದರೆ ಅಷ್ಟು ಏರುತ್ತದೆ. ಅದು ಕಬ್ಬಿಣದ ನೋವಲ್ಲ, ನೋಡುವ ಲೆಕ್ಕದ್ದೇ ಹುಚ್ಚು. ಉರುಟನ್ನು ಅಳಿಸಿದ ಜಾಗದಲ್ಲಿ ಬಿಗುವನ್ನು ಓದಬಾರದೆಂದು ಅವಳಿಗೆ ಕಚೇರಿಯಲ್ಲಿ ಕಲಿಸಿಕೊಟ್ಟವಳೇ ನಾನು. ಅವಳಲ್ಲಿದ್ದ ನಯವನ್ನೆಲ್ಲ ಅಳಿಸಿಹಾಕಿ, ಉಳಿದ ಚೂಪನ್ನೇ ಮತ್ತೆಮತ್ತೆ ಹಿಗ್ಗಿಸಿ ನೋಡುವುದು ನನಗೆ ಬರೀ ಆ ಭಾನುವಾರದ ಕೆಲಸವಾಗಿರಲಿಲ್ಲ.

ಅವಳು ತಿರುಗಿ ಮಾವನಿಗೆ ಹೇಳಿದ್ದೇ ಬೇರೆ: "ಅಕ್ಕ ಹೇಳೋದು ಸರಿ ಮಾವ. ಮೂಲೆ ಇನ್ನೊಂಚೂರು ಉರುಟು ಮಾಡಿದ್ರೆ ಒಳ್ಳೇದು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೆಚ್ಚುವುದರಲ್ಲಿ ಅವಳೇ ಮುಂದು, ಲೆಕ್ಕದಲ್ಲಿ ಅವಳೇ ಮುಂದು, ಈಗ ಒಳ್ಳೆಯತನದಲ್ಲೂ ಅವಳೇ ಮುಂದೆ? ಸತ್ಯ ಹೇಳಿಬಿಟ್ಟೆ. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಅವಳಿಗೆ ಆ ಪುಣ್ಯ ದಕ್ಕಬಾರದೆಂದು. "ಇಲ್ಲ ಮಾವ, ಅವಳದ್ದೇ ಸರಿ. ಮೂಲೆ ಅಳಿಸಿ ತಪ್ಪು ನೋಡಿದ್ದು ನಾನು. ಅದನ್ನೇ ಮಾಡಿಸಿ."

ಮಾವ ತಲೆದೂಗಿ ಮೊಸರನ್ನ ಕಲಸಿಕೊಂಡರು. ಅತ್ತೆ ಮಾತ್ರ ಸೌಟು ಹಿಡಿದು ನಿಂತೇ ಬಿಟ್ಟರು. "ಪರವಾಯಿಲ್ಲೆ! ಎಲ್ಲರ ಮುಂದೆ ತಪ್ಪು ಒಪ್ಕೊಳಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು! ನೋಡಿ ಕಲ್ತ್ಕೋ ವನಜಾ" ಎನ್ನುತ್ತ ನನ್ನ ತಟ್ಟೆಗೆ ಇನ್ನೊಂದು ಸೌಟು ತುಪ್ಪದ ಸಾರು ಹಾಕಿದರು.

ಆಗ ವನಜಳ ಮುಖ ನೋಡಿದೆ. ಒಂದೇ ಒಂದು ಗಳಿಗೆ ಅವಳ ತುಟಿ ಬಿಗಿಯಿತು, ಕಣ್ಣು ನನ್ನ ತಟ್ಟೆಯ ಮೇಲೆ ನಿಂತಿತು. ಆ ಕಿಚ್ಚನ್ನು ಗುರುತಿಸಲು ನನಗೆ ಯಾವ ಕಂಪ್ಯೂಟರೂ ಬೇಕಿರಲಿಲ್ಲ. ಇವಳಿಗೂ ಉರಿಯುತ್ತದೆ! ಇಷ್ಟು ವರ್ಷ ಒಬ್ಬಳೇ ಉರಿಯುತ್ತಿದ್ದೇನೆಂದುಕೊಂಡಿದ್ದೆ. ಪಕ್ಕಕ್ಕೆ ಸರಿದು, "ಬಾ, ಕೂತ್ಕೋ" ಎಂದೆ. ಅವಳು ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ಊಟಕ್ಕೆ ಕೂತಳು.